ನಿದ್ದೆಯೋ ಮಂಪರೋ

ಆಗುವುದಿಲ್ಲ ಅಂತ ಮೊದಲು ಹೇಳಿದವರು ನನ್ನ ವಾಮನ ಮಾವ. ಅಮ್ಮನ ಅಣ್ಣ. ಜೆಪ್ಪುವಿನ ನಮ್ಮ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಹೊರುವ ಕೆಲಸಕ್ಕೆ ಹೋಗುತ್ತಿದ್ದರು, ಅಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ನನಗೆ ಬಿ.ಎಸ್ಸಿ. ನರ್ಸಿಂಗಿಗೆ ಸೀಟು ಸಿಕ್ಕಿದೆ ಅಂತ ಗೊತ್ತಾದ ದಿನ ಮಾವ ಜಗಲಿಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ದು ನನಗೆ ಈಗಲೂ ಕೇಳುತ್ತದೆ.

"ಅಲ್ಲಿ ಎಲ್ಲ ಇಂಗ್ಲಿಷ್. ನಮ್ಮ ಮನೆಯ ಮಕ್ಕಳಿಂದ ಅದು ಆಗುವ ಮಾತಲ್ಲ. ಹಂಚು ಕೈಜಾರಿದರೆ ಹಂಚು ಒಡೆಯುತ್ತದೆ, ಅಷ್ಟೆ. ಆಸ್ಪತ್ರೆಯಲ್ಲಿ ಇವಳ ಇಂಗ್ಲಿಷ್ ನಂಬಿ ಯಾರಾದರೂ ಸತ್ತರೆ? ಯಾರು ಜವಾಬು ಕೊಡುವುದು?"

ಡಿಗ್ರಿ ಆಯ್ತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು ನಾನು. ಅನಾಟಮಿ ಪುಸ್ತಕದ ಒಂದೊಂದು ಪುಟಕ್ಕೂ ನಿಘಂಟು ತೆರೆದು ಕೂತು ಮಾಡಿದ ಡಿಗ್ರಿ ಅದು. ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ ಮೊದಲನೆಯದು. ಇದನ್ನು ನಾನು ಜಂಬದಿಂದಲೇ ಬರೆಯುವುದು. ಆದರೆ ಮಾವನ ಮಾತಿನ ಎರಡನೇ ಅರ್ಧ ಉಂಟಲ್ಲ, ಇವಳ ಇಂಗ್ಲಿಷ್ ನಂಬಿ ಯಾರಾದರೂ ಸತ್ತರೆ ಅಂತ, ಅದು ಡಿಗ್ರಿ ಸಿಕ್ಕಿದ ಮೇಲೂ ಹೋಗಲಿಲ್ಲ. ಯೂನಿಫಾರ್ಮ್ ಹಾಕಿದ ಮೊದಲ ದಿನದಿಂದ ಕೊನೆಯ ದಿನದವರೆಗೂ ಹೊಟ್ಟೆಯಲ್ಲಿ ಕೂತೇ ಇತ್ತು.

ಈಗ ನರ್ಸಿಂಗಿಗೆ ಬರುವ ಹುಡುಗಿಯರು, ಹುಡುಗರೂ, ನನ್ನನ್ನು ಕೇಳುವುದು ಬೇರೆ. ಯಾವ ದೇಶಕ್ಕೆ ಹೋದರೆ ಒಳ್ಳೆಯದು ಮೇಡಂ, ಐಸಿಯು ಕಷ್ಟವಾ ವಾರ್ಡ್ ಕಷ್ಟವಾ ಅಂತ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಅಂತ ಇಲ್ಲಿ ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗ ಇಲ್ಲ. ಬರೆಯುವುದು ಒಂದೇ ವಿಷಯ. ಸೂಜಿ ಚುಚ್ಚಲಿಕ್ಕೆ ಒಂದು ವಾರದಲ್ಲಿ ಕಲಿಯಬಹುದು. ಒಂದೇ ಹಾಗೆ ಕಾಣುವ ಎರಡು ಇಂಗ್ಲಿಷ್ ಶಬ್ದಗಳ ಪೈಕಿ ಈ ಪೇಷಂಟಿಗೆ ಯಾವುದು ಅಂತ ತಿಳಿಯಲಿಕ್ಕೆ ನನಗೆ ಇಡೀ ಸರ್ವಿಸ್ ಬೇಕಾಯಿತು.

ನಮ್ಮ ಊರಿನ ಆಸ್ಪತ್ರೆಯ ಕಥೆ ಹೀಗೆ. ಪೇಷಂಟ್ ಮಾತಾಡುವುದು ತುಳು, ಇಲ್ಲದಿದ್ದರೆ ಬ್ಯಾರಿ, ಕೊಂಕಣಿ. ಡಾಕ್ಟರು ಎಲ್ಲಿಂದಲೋ ಬಂದವರು. ಕೇಸ್ ಶೀಟ್ ಇಂಗ್ಲಿಷಿನಲ್ಲಿ. ನಡುವೆ ನಾವು. ಡಾಕ್ಟರು ಪೇಷಂಟನ್ನು ನೋಡುವುದು ಸ್ವಲ್ಪ ಹೊತ್ತು, ಉಳಿದ ಹೊತ್ತು ಅವರು ನೋಡುವುದು ನಾವು ಬರೆದ ಶಬ್ದವನ್ನು.

ನನಗೆ ಇದನ್ನು ಕಲಿಸಿದವರು ಎವ್ಲಿನ್ ಸಿಸ್ಟರ್. ಮೆಡಿಕಲ್ ವಾರ್ಡಿನ ಇನ್‌ಚಾರ್ಜ್. ಕುಳ್ಳಗೆ, ದಪ್ಪ ಕನ್ನಡಕ, ನಡೆದರೆ ಚಪ್ಪಲಿಯ ಶಬ್ದವೇ ಇಲ್ಲ. ನಾವು ಮಾತಾಡುವುದೆಲ್ಲ ಮುಗಿದ ಮೇಲೆ ಬೆನ್ನ ಹಿಂದೆ ಇದ್ದಾರೆ ಅಂತ ಗೊತ್ತಾಗುತ್ತಿತ್ತು. ನಾನು ಸೇರಿದ ಹೊಸದರಲ್ಲಿ ಎಲ್ಲ ಪೇಷಂಟಿಗೂ 'ಕಂಫರ್ಟೇಬಲ್' ಅಂತ ಬರೆಯುತ್ತಿದ್ದೆ. ಕಾಲೇಜಿನಲ್ಲಿ ಕಲಿತ ಚೆಂದದ ಶಬ್ದ, ಸ್ಪೆಲ್ಲಿಂಗೂ ಬಾಯಿಪಾಠ.

"ಈ ಅಜ್ಜ ಕಂಫರ್ಟೇಬಲ್ ಅಂತ ಹೇಳಿದ್ದು ಯಾರು?"

"ನಾನು ಕೇಳಿದೆ ಸಿಸ್ಟರ್. ದಾಲ ಇಜ್ಜಿ ಅಂದ್ರು."

"ದಾಲ ಇಜ್ಜಿ ಅಂದ್ರೆ?"

"ಎಂತ ಇಲ್ಲ ಅಂತ."

"ಎಂತ ಇಲ್ಲದವರು ಆಸ್ಪತ್ರೆಯಲ್ಲಿ ಯಾಕೆ ಮಲಗ್ತಾರೆ? ಬೀಚಿಗೆ ಹೋಗಿ ಕಡ್ಲೆ ತಿಂತಾರೆ. ನಿನ್ನ ಇಂಗ್ಲಿಷ್ ಚೆಂದ ಉಂಟು ಪೊಣ್ಣೇ, ಇದರಲ್ಲಿ ಅಜ್ಜ ಎಲ್ಲಿದ್ದಾರೆ?"

ಅವರ ಕ್ರಮ ಏನೆಂದರೆ, ಪೇಷಂಟ್ ಹೇಳಿದ ಮಾತನ್ನು ಮೊದಲು ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಯಬೇಕು, ತುಳುವಾದರೆ ತುಳು, ಬ್ಯಾರಿಯಾದರೆ ಬ್ಯಾರಿ. ಅದರ ಕೆಳಗೆ ನಮ್ಮ ಇಂಗ್ಲಿಷ್. ಮೇಲಿನವರು ಯಾರಾದರೂ ಬಂದು ಕೇಸ್ ಶೀಟಿನಲ್ಲಿ ಇದೆಂತ ಕನ್ನಡ ಅಂತ ಕೇಳಿದರೆ, "ಅದು ನಂದು ಡಾಕ್ಟರ್, ಬೈಯುವುದಾದರೆ ನನಗೆ ಬೈಯಿರಿ" ಅನ್ನುತ್ತಿದ್ದರು. ಯಾರೂ ಬೈದದ್ದು ನಾನು ನೋಡಲಿಲ್ಲ.

ಆ ಕ್ರಮದ ಬೆಲೆ ನನಗೆ ಗೊತ್ತಾದದ್ದು ಗಿರಿಜಕ್ಕನಿಂದ. ಮನೆಮನೆಗೆ ಮೀನು ಮಾರುತ್ತಿದ್ದ ಹೆಂಗಸು. ಬೆವರಿಕೊಂಡು ಬಂದು ಕೂತಿದ್ದರು. ಚಿಕ್ಕ ಡಾಕ್ಟರು ಬಂದು, "ಎದೆ ನೋವು ಉಂಟಾ?" ಅಂತ ಕೇಳಿದರು. ಇಲ್ಲ. "ಬೇನೆ?" ಇಲ್ಲ ಮಗಾ, ಬೇನೆ ಇಲ್ಲ. 'ನೋ ಚೆಸ್ಟ್ ಪೇನ್' ಅಂತ ಬರೆದು, ಗ್ಯಾಸಿನ ಮಾತ್ರೆ ಹೇಳಿ ಹೋದರು. ಎವ್ಲಿನ್ ಸಿಸ್ಟರ್ ಮಂಚದ ಬದಿಗೆ ಸ್ಟೂಲ್ ಎಳೆದುಕೊಂಡರು.

"ಬೇನೆ ಇಲ್ಲದಿದ್ದರೆ ಮತ್ತೆ ಎಂತ ಆಗುವುದು ಗಿರಿಜಕ್ಕ?"

"ಬೇನೆ ಅಲ್ಲ ಸಿಸ್ಟರ್. ತುಂಬಿದ ಮೀನಿನ ಬುಟ್ಟಿಯನ್ನು ತಲೆಯಿಂದ ಇಳಿಸಿ ಎದೆ ಮೇಲೆ ಇಟ್ಟ ಹಾಗೆ. ಬೇನೆ ಅಂತ ಹೇಳ್ಲಿಕ್ಕಿಲ್ಲ."

ಐದು ಮಕ್ಕಳನ್ನು ಹೆತ್ತ ಹೆಂಗಸಿಗೆ ಬೇನೆ ಅಂದರೆ ಅದು ಬೇರೆಯೇ. ಎದೆ ಮೇಲಿನ ಭಾರವನ್ನು ಅವರು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಸಿಸ್ಟರ್ ಪೇನ್ ಅಂತ ಬರೆಯಲಿಲ್ಲ, 'ಹೆವಿನೆಸ್' ಅಂತ ಬರೆದು ಆ ಚಿಕ್ಕ ಡಾಕ್ಟರನ್ನು ಕ್ಯಾಂಟೀನಿನಿಂದ ಕರೆಸಿದರು. ಇಸಿಜಿ ಆಯ್ತು, ಗಿರಿಜಕ್ಕ ಗಾಲಿಮಂಚದಲ್ಲಿ ಹೃದಯದ ವಿಭಾಗಕ್ಕೆ ಹೋದರು. ಹೋಗುವಾಗಲೂ, "ಬೇನೆ ಇಲ್ಲ ಮಾರಾಯ್ರೆ, ಯಾಕೆ ಇಷ್ಟು ಗಡಿಬಿಡಿ?" ಅನ್ನುತ್ತಿದ್ದರು.

ಎಲ್ಲ ದಿನವೂ ಹಾಗೆ ಗಂಭೀರ ಅಲ್ಲ, ನಗುವ ಹಾಗಿನದ್ದೂ ಆಗುತ್ತಿತ್ತು. ಅರ್ಚಕರ ಮನೆಯ ಒಬ್ಬರು ಅಜ್ಜಿ ಊಟದ ತಟ್ಟೆಯನ್ನು ಕೈಯಲ್ಲಿ ದೂರ ಸರಿಸಿದರು. ನಾನು 'ರೆಫ್ಯೂಸ್ಡ್ ಫುಡ್' ಅಂತ ಬರೆದೆ. ಡಾಕ್ಟರು ಅದನ್ನು ಓದಿ, ಅಜ್ಜಿಯ ಮಗನನ್ನು ಹೊರಗೆ ಕರೆದು, ಮನೆಯಲ್ಲಿ ಜಗಳ ಏನಾದರೂ ಉಂಟಾ, ಅಮ್ಮನಿಗೆ ಬದುಕುವುದು ಬೇಡ ಅಂತ ಏನಾದರೂ ಉಂಟಾ ಅಂತ ಕೇಳಿದ್ದಾರೆ. ಮಗ ಗಾಬರಿಯಾಗಿ ಒಳಗೆ ಬಂದರೆ ಅಜ್ಜಿ, "ಏಕಾದಶಿ ಅಲ್ವಾ ಇವತ್ತು? ಅವರಿಗೆ ಕ್ಯಾಲೆಂಡರ್ ಇಲ್ಲವಾ?" ಅಂದರು. ಸರಿ, ನಾನು ಅದನ್ನು ಹೊಡೆದು ಹಾಕಿ 'ಫಾಸ್ಟಿಂಗ್' ಅಂತ ಬರೆದೆ. ಸ್ವಲ್ಪ ಹೊತ್ತಿಗೆ ಲ್ಯಾಬಿನವರು ರಕ್ತ ತೆಗೆಯಲಿಕ್ಕೆ ಬಂದು ನಿಂತರು. ಫಾಸ್ಟಿಂಗ್ ಅಂದ ಮೇಲೆ ಖಾಲಿ ಹೊಟ್ಟೆಯ ಶುಗರ್ ನೋಡಬೇಕಲ್ಲ. ಎವ್ಲಿನ್ ಸಿಸ್ಟರ್ ನಕ್ಕು ನಕ್ಕು ಕುರ್ಚಿ ಹುಡುಕಿ ಕೂತರು. "ಎರಡು ಶಬ್ದದಲ್ಲಿ ಒಂದು ಅಜ್ಜಿಯನ್ನು ಹುಚ್ಚಿ ಮಾಡಿದಿ, ಸಕ್ಕರೆ ಕಾಯಿಲೆಯವಳನ್ನೂ ಮಾಡಿದಿ. ಮೂರನೆಯದು ಬರೆಯಬೇಡ, ಅವಳನ್ನು ಆಪರೇಷನ್ನಿಗೆ ಕೊಂಡುಹೋದಾರು."

ನಾನೂ ನಕ್ಕೆ. ಮನೆಗೆ ಹೋಗುವಾಗ ಮಾತ್ರ ನಗು ಇರುತ್ತಿರಲಿಲ್ಲ. ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿ ಕೂತ ಕೂಡಲೇ ಆ ದಿನ ಬರೆದ ಶಬ್ದಗಳೆಲ್ಲ ಎದುರಿಗೆ ಬಂದು ನಿಲ್ಲುತ್ತಿದ್ದವು. ಒಂದು ಸಲ ಬಸ್ಸು ಅರ್ಧ ದಾರಿ ಬಂದಾಗ ನೆನಪಾಯಿತು: ಕಿಟಕಿ ಬದಿಯ ಮಂಚದವನಿಗೆ 'ವೀಕ್' ಅಂತ ಬರೆದಿದ್ದೇನೆ. ಅವನು ಹೇಳಿದ್ದು ಬಚ್ಚುಂಡು ಅಂತ, ಆಯಾಸ. ಆಯಾಸಕ್ಕೆ ಟಯರ್ಡ್ ಸಾಕು. ವೀಕ್ ಅಂತ ಓದಿದವರು ಕೈಯಾ ಕಾಲಾ, ಎಡವಾ ಬಲವಾ ಅಂತ ಕೇಳುತ್ತಾರೆ, ಪಕ್ಷವಾತದ ದಾರಿ ಹಿಡಿಯುತ್ತಾರೆ. ಅಥವಾ ನಿಜವಾಗಿಯೂ ಅವನ ಒಂದು ಕೈಯಲ್ಲಿ ಬಲ ಕಮ್ಮಿ ಇತ್ತಾ? ಲೋಟ ಹಿಡಿದದ್ದು ಯಾವ ಕೈಯಲ್ಲಿ? ಬಸ್ಸಿಂದ ಇಳಿದೆ. ಅಂಗಡಿಯ ಕಾಯಿನ್ ಬೂತಿನಿಂದ ವಾರ್ಡಿಗೆ ಫೋನು ಮಾಡಿದೆ.

ಆ ಕಡೆಯಿಂದ ಎವ್ಲಿನ್ ಸಿಸ್ಟರ್, "ಅವನು ಊಟ ಮಾಡಿ ಪೇಪರ್ ಓದ್ತಾ ಇದ್ದಾನೆ. ಎರಡೂ ಕೈಯಲ್ಲಿ ಹಿಡ್ಕೊಂಡಿದ್ದಾನೆ. ನೀನು ಮನೆಗೆ ಹೋಗು ಮಾರಾಯ್ತಿ" ಅಂದರು. ಫೋನು ಇಡುವ ಮೊದಲು ಇನ್ನೊಂದು ಮಾತು ಹೇಳಿದರು. "ಹೆದರಿಕೆ ಹೋಗ್ಲಿ ಅಂತ ಹರಕೆ ಹೇಳ್ಬೇಡ. ಹೆದರಿಕೆ ಇಲ್ಲದವರು ಬರೆದದ್ದನ್ನು ನಾನು ಎರಡು ಸಲ ಓದಬೇಕಾಗ್ತದೆ."

ಅವರು ರಿಟೈರ್ ಆಗಿ ಹೋದರು. ವಾರ್ಡುಗಳು ಬದಲಾದವು, ನಾನು ತಲೆಪೆಟ್ಟಿನ ಪೇಷಂಟುಗಳಿರುವ ನ್ಯೂರೋ ವಾರ್ಡಿಗೆ ಇನ್‌ಚಾರ್ಜ್ ಆಗಿ ಬಂದೆ. ಅಲ್ಲಿ ಶಬ್ದದ ಕಾಟ ಇನ್ನೂ ಜಾಸ್ತಿ. ಹೊಟ್ಟೆನೋವಿನವನು ಬಾಯಿಬಿಟ್ಟು ಹೇಳುತ್ತಾನೆ. ಮೆದುಳಿಗೆ ಪೆಟ್ಟಾದವನ ಬಗ್ಗೆ ನಾವೇ ನೋಡಿ ಹೇಳಬೇಕು. ತಲೆ ತಿರುಗುತ್ತದೆ ಅಂದರೆ ಕೋಣೆ ತಿರುಗುವುದಾ, ತಾನು ತೂಗುವುದಾ, ಕಣ್ಣು ಕಪ್ಪಾಗುವುದಾ, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಬೇರೆ ಶಬ್ದ, ಬೇರೆ ಕಾಯಿಲೆ. ನಮ್ಮ ಸರ್ಜನ್ ಒಳ್ಳೆಯ ಕೈಯವರು, ಆದರೆ ತಾಳ್ಮೆ ಕಮ್ಮಿ. ಫೋನಿನಲ್ಲಿ ಅವರದ್ದು ಯಾವಾಗಲೂ ಒಂದೇ ಮಾತು: "ಸಿಸ್ಟರ್, ಕಥೆ ಬೇಡ, ಶಬ್ದ ಹೇಳಿ." ಒಮ್ಮೆ ಬೇರೆ ವಾರ್ಡಿನಿಂದ ಯಾರೋ 'ಅನ್‌ರೆಸ್ಪಾನ್ಸಿವ್' ಅಂದರು ಅಂತ ಮೆಟ್ಟಿಲು ಹಾರಿ ಓಡಿ ಬಂದರೆ, ಪೇಷಂಟ್ ಗೋಡೆ ಕಡೆ ತಿರುಗಿ ಮಲಗಿದ್ದ, ಹೆಂಡತಿ ಮೇಲೆ ಸಿಟ್ಟು, ಅದಕ್ಕೆ ಮಾತಿಲ್ಲ. ಆಮೇಲೆ ಅವರು ಕೂಗಾಡಿದ್ದು ಕೆಳಗಿನ ಮೆಡಿಕಲ್ ಶಾಪಿನವರೆಗೆ ಕೇಳಿತಂತೆ. ಅಂದಿನಿಂದ ಅವರಿಗೆ ಫೋನು ಮಾಡುವುದೆಂದರೆ ಎಲ್ಲರಿಗೂ ಹೆದರಿಕೆ. ನನಗೂ.

ಅಷ್ಟರಲ್ಲಿ ಕಂಪ್ಯೂಟರ್ ಬಂತು. ಬರೆಯುವುದು ನಿಂತಿತು, ಒತ್ತುವುದು ಶುರುವಾಯಿತು. ಪರದೆಯಲ್ಲಿ ಶಬ್ದಗಳ ಸಾಲು ಇಳಿಯುತ್ತದೆ, ಒಂದನ್ನು ಒತ್ತಿದರೆ ಮುಗಿಯಿತು. ಪೇಷಂಟ್ ಹೇಳಿದ ಮಾತಿಗೆ ಅಲ್ಲಿ ಜಾಗ ಇಲ್ಲ. ಕೆಳಗೆ ರಿಮಾರ್ಕ್ಸ್ ಅಂತ ಒಂದು ಸಣ್ಣ ಡಬ್ಬಿ, ಅದನ್ನು ಯಾರೂ ತುಂಬಿಸುವುದಿಲ್ಲ. ನಾನು ಅದನ್ನು ಮಾಡಿಕೊಟ್ಟ ಹುಡುಗನನ್ನು ಕೇಳಿದೆ.

"ಎಲ್ಲ ಆಪ್ಷನ್ ಹಾಕಿದ್ದೇವೆ ಮೇಡಂ, ಒತ್ತಿದ್ರೆ ಆಯ್ತು. ನಿಮಗೆ ಯೋಚನೆ ಮಾಡುವ ತಾಪತ್ರಯವೇ ಇಲ್ಲ."

"ಅದೇ ನನಗೆ ಯೋಚನೆ" ಅಂದೆ. ಅವನು ತಮಾಷೆ ಅಂತ ನಕ್ಕ.

ಪುರಂದರ ಬಂದದ್ದು ಇದೆಲ್ಲ ಅಭ್ಯಾಸವಾದ ಮೇಲೆ, ನಾನು ರಿಟೈರ್ ಆಗುವುದಕ್ಕೆ ಸ್ವಲ್ಪ ಮೊದಲು, ಮಳೆಗಾಲ ಹತ್ತಿರ ಬಂದು ಬೋಟುಗಳೆಲ್ಲ ಕೊನೆಯ ಸುತ್ತಿಗೆ ಹೋಗುವ ದಿನಗಳಲ್ಲಿ. ಉಳ್ಳಾಲದವನು, ನಲವತ್ತರ ಆಸುಪಾಸು, ಟ್ರಾಲ್ ಬೋಟಿನಲ್ಲಿ ಕೆಲಸ. ಬೆಳಿಗ್ಗೆ ಬಂದರಿನ ದಕ್ಕೆಗೆ ಬಂದು ಮೀನು ಇಳಿಸುವಾಗ ಮಂಜುಗಡ್ಡೆಯ ನೀರಿನಲ್ಲಿ ಕಾಲು ಜಾರಿ, ಬಲೆ ಎಳೆಯುವ ವಿಂಚಿಗೆ ತಲೆ ಹೊಡೆದಿದ್ದ. ನಡೆದುಕೊಂಡೇ ಒಳಗೆ ಬಂದ. ಸ್ಕ್ಯಾನ್ ಮಾಡಿದರು, ಎಂತದೂ ಕಾಣಲಿಲ್ಲ. ಆದರೂ ಒಂದು ದಿನ ಇರಲಿ ಅಂತ ನಮ್ಮ ವಾರ್ಡಿಗೆ ಕಳಿಸಿದರು.

"ನನ್ನ ತಲೆ ಬಿಡಿ ಅಕ್ಕ, ಅಲ್ಲಿ ವಿಂಚ್ ಒಡೆದಿದೆಯಾ ಅಂತ ಯಾರಾದ್ರೂ ನೋಡಿದ್ರಾ?" ಅಂತ ನನ್ನ ಹತ್ತಿರ ತಮಾಷೆ ಮಾಡಿದ. ಇಂಜೆಕ್ಷನ್ ಕೊಟ್ಟಾಗ ಮಾತ್ರ ತುಳುವಿನಲ್ಲಿ ಇಲ್ಲಿ ಬರೆಯಲಾಗದ್ದನ್ನು ಬೈದ. ಹೆಂಡತಿ ಹೇಮಾವತಿ ಅವನ ಭುಜಕ್ಕೆ ಗುದ್ದಿ, "ತಪ್ಪು ತಿಳ್ಕೊಳ್ಬೇಡಿ ಅಕ್ಕ, ಸಮುದ್ರದಲ್ಲಿ ಇದ್ದು ಇದ್ದು ಬಾಯಿ ಹಾಗೆ" ಅಂದಳು.

ನಾನು ಮೀಟಿಂಗಿಗೆ ಹೋದೆ. ಮಧ್ಯಾಹ್ನ ಊಟದ ನಂತರ ಡ್ಯೂಟಿ ಬದಲಾಗುವ ಹೊತ್ತಿಗೆ ವಾರ್ಡಿಗೆ ವಾಪಸ್ಸು ಬಂದೆ. ಬೆಳಗ್ಗಿನ ನರ್ಸು ರಶ್ಮಿತಾ ಪೇಷಂಟುಗಳ ಸ್ಥಿತಿ ಒಪ್ಪಿಸುತ್ತಿದ್ದಳು. ಉಳ್ಳಾಲದ ಕಡಲ ಬದಿಯ ಹುಡುಗಿ, ತಂದೆ ಬೋಟಿಗೆ ಹೋಗುವವರು, ಮನೆಯಲ್ಲಿ ಇವಳದ್ದೇ ಮೊದಲ ಡಿಗ್ರಿ. ಆ ಕಾರಣಕ್ಕೆ ನನಗೆ ಅವಳ ಮೇಲೆ ಒಂದು ಮುಷ್ಟಿ ಪ್ರೀತಿ ಜಾಸ್ತಿ.

"ಪುರಂದರ, ಹೆಡ್ ಇಂಜುರಿ, ಸ್ಕ್ಯಾನ್ ನಾರ್ಮಲ್, ಬಿಪಿ ಪಲ್ಸ್ ನಾರ್ಮಲ್. ಸ್ಲೀಪಿಂಗ್ ಕಂಫರ್ಟೇಬಲಿ."

"ಎಬ್ಬಿಸಿ ನೋಡಿದ್ಯಾ?"

"ಇಲ್ಲ ಮೇಡಂ."

"ಗಂಟೆಗೊಮ್ಮೆ ಎಬ್ಬಿಸ್ಲಿಕ್ಕೆ ಉಂಟಲ್ಲ?"

"ಉಂಟು ಮೇಡಂ. ಊಟಕ್ಕೆ ಮೊದಲು ಮಾತಾಡಿದ್ರು. ಆಮೇಲೆ ಮಲಗಿದ್ರು. ಅವರು ಬೋಟಿಂದ ಬಂದವರಲ್ವಾ..." ಅಂತ ನನ್ನ ಮುಖ ನೋಡಿದಳು, ನನಗೆ ಇಷ್ಟು ಹೇಳಿದರೆ ಸಾಕು ಅನ್ನುವ ಹಾಗೆ.

ನನಗೆ ಸಾಕಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಬೋಟಿಗೆ ಹೋಗುವವರ ಮನೆಯಲ್ಲಿ ಅದೊಂದು ಕಟ್ಟುಪಾಡು. ಕಡಲಿನಿಂದ ಬಂದು ಮಲಗಿದ ಗಂಡಸನ್ನು ಯಾರೂ ಎಬ್ಬಿಸುವುದಿಲ್ಲ. ದಿನಗಟ್ಟಲೆ ಸರಿಯಾಗಿ ನಿದ್ದೆ ಇಲ್ಲದೆ ಬಂದಿರುತ್ತಾರೆ. ಇವಳ ಅಪ್ಪ ಮಲಗಿದರೆ ಟಿವಿ ಬಂದ್, ಮಿಕ್ಸಿ ಬಂದ್, ಮಕ್ಕಳು ಪಕ್ಕದ ಮನೆಗೆ. ಇಲ್ಲಿ ಹೆಂಡತಿ ಮಂಚದ ಬದಿಯಲ್ಲೇ ಕಾವಲು ಕೂತಿದ್ದಾಳೆ, ಇವಳಿಗೆ ಕೈ ಹೋಗಲಿಲ್ಲ. ಹೊರಗಿನಿಂದ ಬಂದ ಹುಡುಗಿಯಾಗಿದ್ದರೆ ಎರಡು ಸಲ ಎಬ್ಬಿಸಿ, ಎರಡು ಸಲ ಬೈಸಿಕೊಂಡು ಆಗುತ್ತಿತ್ತು. ಇವಳಿಗೆ ಅವರ ಮನೆ ಗೊತ್ತು, ಅದೇ ಅಡ್ಡ ಬಂತು. ಪರದೆಯಲ್ಲಿ ಮೊದಲನೆಯ ಶಬ್ದವೇ 'ಸ್ಲೀಪಿಂಗ್ ಕಂಫರ್ಟೇಬಲಿ'. ಒತ್ತಿದ್ದಾಳೆ.

"ಬಾ ನನ್ನ ಜೊತೆ" ಅಂದೆ.

ಹೇಮಾವತಿ ಮಂಚದ ಪಕ್ಕ ಕೂತು, ಮೇಲೆ ಫ್ಯಾನ್ ತಿರುಗುತ್ತಿದ್ದರೂ ಪೇಪರ್ ಮಡಚಿ ಅವನಿಗೆ ಗಾಳಿ ಹಾಕುತ್ತಿದ್ದಳು. ನನ್ನನ್ನು ಕಂಡು ತುಟಿಗೆ ಬೆರಳಿಟ್ಟಳು.

"ಈಗ ಬೇಡ ಅಕ್ಕ. ಗೊರಕೆ ಹೊಡೆಯುವಷ್ಟು ಚೆಂದ ನಿದ್ದೆ ಬಂದಿದೆ. ಎದ್ದ ಮೇಲೆ ನಾನೇ ಬಂದು ಕರೀತೇನೆ."

"ಒಂದು ನಿಮಿಷ ಹೇಮಾ, ಒಮ್ಮೆ ಮಾತಾಡಿಸ್ತೇನೆ."

"ಅಯ್ಯೋ, ಬೈಯ್ತಾರೆ ಅಕ್ಕ. ನಿಮಗೆ ಬೈದ್ರೆ ನನಗೆ ನಾಚಿಕೆ."

ನಾನು ಭುಜ ಅಲ್ಲಾಡಿಸಿ ಜೋರಾಗಿ ಕರೆದೆ. ಎರಡನೆಯ ಸಲಕ್ಕೆ ಕಣ್ಣು ತೆರೆದ. ಹೆಸರೆಂತ? "ಪುರಂದರ." ಎಲ್ಲಿದ್ದೀರಿ? "ಆಸ್ಪತ್ರೆ." ನಿಮ್ಮ ಬೋಟಿನ ಹೆಸರೆಂತ? ಬಾಯಿ ತೆರೆದ, ಮೊದಲಿನ ಅಕ್ಷರ ಬಂತು, ಅಲ್ಲೇ ಬಿಟ್ಟು ಕಣ್ಣು ಮುಚ್ಚಿದ. ಮುಖದಲ್ಲಿ ಸಣ್ಣ ನಗು ಕೂಡ ಇತ್ತು. ಟಾರ್ಚ್ ಬಿಟ್ಟು ನೋಡಿದೆ, ಎರಡೂ ಕಣ್ಣಿನ ಪಾಪೆ ಒಂದೇ ಹಾಗೆ. ಬಿಪಿ ಸರಿ. ಪಲ್ಸ್ ಸರಿ. ಕೈ ಹಿಡಿಯಿರಿ ಅಂದರೆ ಹಿಡಿದ. ಯಂತ್ರದಲ್ಲಿ ಕಾಣುವುದೆಲ್ಲ ಸರಿ ಇತ್ತು. ಬೋಟಿನ ಹೆಸರು ಮಾತ್ರ ಅರ್ಧ.

"ನೋಡಿದ್ರಾ, ಎಷ್ಟು ಸುಸ್ತು" ಅಂದಳು ಹೇಮಾವತಿ. "ನೀವು ದೊಡ್ಡವರು ಅಂತ ಮರ್ಯಾದೆ ಕೊಟ್ಟು ಸುಮ್ಮನಿದ್ದಾರೆ. ನಾನು ಎಬ್ಬಿಸಬೇಕಿತ್ತು, ಆಗ ಗೊತ್ತಾಗ್ತಿತ್ತು ನಿಮಗೆ."

"ಹಾಗಾದ್ರೆ ನೀನೇ ಎಬ್ಬಿಸು."

"ನಾನಾ?"

"ನೀನೇ. ಮನೆಯಲ್ಲಿ ಎಬ್ಬಿಸುವ ಹಾಗೆ."

"ಮನೆಯಲ್ಲಿ ಎಬ್ಬಿಸುವುದೇ ಇಲ್ಲ ಅಕ್ಕ!" ಅಂತ ನಗುತ್ತಲೇ ಅವಳು ಎದ್ದು, ಒಂದು ಹೆಜ್ಜೆ ದೂರವೇ ನಿಂತು, ಅವನ ಕಾಲನ್ನು ಹಿಡಿದು ಅಲ್ಲಾಡಿಸಿದಳು. "ಓಯ್, ಕೇಳ್ತದಾ? ಏಳಿ. ಓಯ್!" ಅವನು ಕಣ್ಣು ತೆರೆದ. ಅವಳನ್ನು ನೋಡಿದ. "ಹ್ಞಾಂ, ಆಯ್ತು" ಅಂದ, ಮೆತ್ತಗೆ, ಮಾತು ಕೇಳುವ ಮಗುವಿನ ಹಾಗೆ. ಕಣ್ಣು ಮುಚ್ಚಿತು.

ಹೇಮಾವತಿ ಕಾಲು ಹಿಡಿದುಕೊಂಡೇ ನಿಂತಳು. ನಗು ಹೋಗಿತ್ತು.

"ಅಕ್ಕ, ಇವರು ಬೈಲಿಲ್ಲ."

ನಿಜ ಹೇಳುತ್ತೇನೆ, ಫೋನಿನ ಹತ್ತಿರ ನಡೆಯುವಾಗ ಯಾವ ಶಬ್ದ ಹೇಳುವುದು ಅಂತ ನನಗಿನ್ನೂ ಗಟ್ಟಿ ಆಗಿರಲಿಲ್ಲ. ಸ್ಲೀಪಿ ಅಂದರೆ ಸರ್ಜನ್ ಓಪಿಡಿ ಮುಗಿಸಿ ಬರುತ್ತಾರೆ; ಓಪಿಡಿ ಮುಗಿಯುವಾಗ ಸಂಜೆ. ಡ್ರೌಝಿ ಅಂದರೆ ಎಲ್ಲ ಬಿಟ್ಟು ಈಗಲೇ ಏನಾದರೂ ಮಾಡಬೇಕು. ನಿಘಂಟು ತೆರೆದರೆ ಎರಡಕ್ಕೂ ಹತ್ತಿರ ಹತ್ತಿರ ಒಂದೇ ಅರ್ಥ ಕೊಟ್ಟಿರುತ್ತದೆ; ನಾನೇ ಕಾಲೇಜಿನಲ್ಲಿ ಎರಡರ ಎದುರಿಗೂ 'ನಿದ್ದೆ ಬರುವುದು' ಅಂತ ಬರೆದು ಕಲಿತವಳು. ವಾರ್ಡಿನಲ್ಲಿ ಮಾತ್ರ ಅವು ಬೇರೆ. ನಿದ್ದೆ ಬಂದವನನ್ನು ಎಬ್ಬಿಸಿದರೆ ಅವನು ಅವನಾಗಿಯೇ ಏಳುತ್ತಾನೆ, ಸಿಟ್ಟು ಸಮೇತ. ಮಂಪರಿನಲ್ಲಿ ಇರುವವನು ಎದ್ದರೂ ಪೂರ್ತಿ ಬರುವುದಿಲ್ಲ. ಆದರೆ ಇವನು ಕಡಲಿನಲ್ಲಿ ದಿನಗಟ್ಟಲೆ ನಿದ್ದೆಗೆಟ್ಟವನು. ನಿಜವಾಗಿ ಸುಸ್ತೇ ಆಗಿದ್ದರೆ? ಬಿಪಿ ಸರಿ, ಪಾಪೆ ಸರಿ, ಸ್ಕ್ಯಾನ್ ಸರಿ. ಬೈಲಿಲ್ಲ ಅಂತ ಒಬ್ಬ ಸರ್ಜನ್ನಿಗೆ ಹೇಳುವುದು ಹೇಗೆ?

"ಸರ್, ಹೆಡ್ ಇಂಜುರಿ, ಪುರಂದರ. ಎಬ್ಬಿಸಿದ್ರೆ ಕಣ್ಣು ತೆರೀತಾರೆ, ಹೆಸರು ಹೇಳ್ತಾರೆ. ಮಾತು ಅರ್ಧಕ್ಕೆ ಬಿಡ್ತಾರೆ. ಬೆಳಿಗ್ಗೆ ಇಂಜೆಕ್ಷನ್ನಿಗೆ ಬೈದವರು ಈಗ..."

"ಸಿಸ್ಟರ್. ಶಬ್ದ."

"ಡ್ರೌಝಿ, ಸರ್."

"ಪ್ಯೂಪಿಲ್ಸ್?"

"ಈಕ್ವಲ್."

"ಬೋಟಿನವನಲ್ವಾ? ರಾತ್ರಿ ನಿದ್ದೆ ಆಗಿರ್ಲಿಕ್ಕಿಲ್ಲ. ಸ್ಲೀಪಿ ಅಂತೀರಾ, ಡ್ರೌಝಿ ಅಂತೀರಾ? ನಾನಿಲ್ಲಿ ಇಷ್ಟು ಜನರನ್ನು ಬಿಟ್ಟು ಬರ್ಬೇಕು."

"ಸ್ಲೀಪಿ ಅಂತ ನಾನು ಹೇಳುವುದಿಲ್ಲ ಸರ್. ಡ್ರೌಝಿ. ಹೆಂಡತಿಯೂ ಅದೇ ಹೇಳ್ತಾಳೆ."

ಆ ಕಡೆ ಅವರು ಓಪಿಡಿಯಲ್ಲಿ ಯಾರಿಗೋ ಕಾಯಲಿಕ್ಕೆ ಹೇಳಿದ್ದು ಕೇಳಿತು. "ಸ್ಕ್ಯಾನಿಗೆ ತಗೊಂಡು ಹೋಗಿ. ಅಲ್ಲಿಗೇ ಬರ್ತೇನೆ."

ರಶ್ಮಿತಾ ಅಳಲಿಕ್ಕೆ ಶುರು ಮಾಡಿದ್ದಳು. "ನಾನು ತಪ್ಪು ಒತ್ತಿದ್ನಾ ಮೇಡಂ?" ಆಗ ನಾನು ಸ್ವಲ್ಪ ಕಠಿಣವಾಗಿಯೇ ಹೇಳಿದೆ, "ಅಳುವುದು ಆಮೇಲೆ. ಆಕ್ಸಿಜನ್ ತಾ, ಆ ಕಡೆ ಹಿಡಿ." ಮೂವರು ಹೆಂಗಸರು ಗಾಲಿಮಂಚ ತಳ್ಳಿಕೊಂಡು ಹೋದೆವು. ಲಿಫ್ಟಿನಲ್ಲಿ ಹೇಮಾವತಿ ಅವನ ಕಿವಿಯ ಹತ್ತಿರ ಬಗ್ಗಿ ಬೋಟಿನ ಹೆಸರು, ಮಕ್ಕಳ ಹೆಸರು, ಓನರಿನ ಹೆಸರು ಎಲ್ಲ ಕೂಗುತ್ತಿದ್ದಳು. ಆ ಮನೆಯ ಎಲ್ಲ ಕಟ್ಟುಪಾಡು ಆ ಲಿಫ್ಟಿನಲ್ಲಿ ಮುರಿದುಬಿತ್ತು.

ಸ್ಕ್ಯಾನ್ ಕೋಣೆಯ ಹೊರಗೆ ಕಾಯುವಾಗ ನಾನು ಬೇಡಿಕೊಂಡದ್ದು ವಿಚಿತ್ರ. ನನ್ನ ಶಬ್ದ ತಪ್ಪಾಗಿರಲಿ ಅಂತ. ಸುಸ್ತು ಅಷ್ಟೇ ಅಂತ ಆಗಲಿ, ಸರ್ಜನ್ ಎಷ್ಟು ಬೇಕಾದರೂ ಕೂಗಲಿ. ಗಾಜಿನ ಆ ಕಡೆ ಅವರು ಪರದೆಗೆ ಬಗ್ಗಿದ್ದು ಕಾಣುತ್ತಿತ್ತು. ಬಾಗಿಲು ತೆರೆದು ಹೊರಗೆ ಬಂದವರು ಕೂಗಲಿಲ್ಲ. "ರಕ್ತ ಕಟ್ಟಿದೆ. ಬೆಳಿಗ್ಗೆ ಇರಲಿಲ್ಲ. ಥಿಯೇಟರಿಗೆ ಹೇಳಿ, ಈಗಲೇ" ಅಂತ ನಡೆದರು. ಎರಡು ಹೆಜ್ಜೆ ಹೋಗಿ ತಿರುಗಿ, "ಸಂಜೆವರೆಗೆ ಬಿಟ್ಟಿದ್ರೆ..." ಅಂತ ಹೇಳಿ, ಆ ವಾಕ್ಯವನ್ನು ಅವರೂ ಅರ್ಧಕ್ಕೇ ಬಿಟ್ಟರು.

ಆಪರೇಷನ್ ಆಯ್ತು. ಮರುದಿನವೂ ಅದರ ಮರುದಿನವೂ ನಾನು ವಾರ್ಡಿಗೆ ಹೋಗುವ ಮೊದಲು ಐಸಿಯು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಎರಡನೆಯ ದಿನ 'ಅಲರ್ಟ್' ಅಂತ ಅಲ್ಲಿಯ ಒಬ್ಬ ನರ್ಸ್ ಹುಡುಗ ಒತ್ತಿದ್ದ. ನನಗೆ ನಂಬಿಕೆ ಬರಲಿಲ್ಲ, ಒಳಗೆ ಹೋಗಿ ಮಾತಾಡಿಸಿದೆ. ಪುರಂದರ ಬ್ಯಾಂಡೇಜಿನ ಅಡಿಯಿಂದ ನೋಡಿ, "ಈ ಗಂಜಿಗೆ ಉಪ್ಪು ಹಾಕ್ಲಿಕ್ಕೆ ಯಾರಿಗೂ ಗೊತ್ತಿಲ್ವಾ?" ಅಂತ ಸಿಡುಕಿದ. ಆಗ ಒಪ್ಪಿದೆ.

ರಶ್ಮಿತಾಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ತೆಗೆಯುವುದಾದರೆ ನಾನು ಬಿಡುತ್ತಿರಲಿಲ್ಲ. ಅವಳು ಮಾಡಿದ್ದು ಉದಾಸೀನ ಅಲ್ಲ, ಮರ್ಯಾದೆ. ನಮ್ಮಂಥ ಮನೆಯಿಂದ ಬಂದವರಿಗೆ ಇದು ಎರಡು ಕಡೆಯಿಂದ ಕಷ್ಟ. ಇಂಗ್ಲಿಷ್ ಹೊಸತು, ಅದರ ಎರಡು ಶಬ್ದ ಒಂದೇ ಹಾಗೆ ಕಾಣುತ್ತದೆ. ಜನ ಹಳಬರು, ಅವರು ಹೇಳದೇ ನಮಗೆ ಅರ್ಥವಾಗಿಬಿಡುತ್ತದೆ, ಹಾಗಾಗಿ ಕೇಳುವುದಿಲ್ಲ. ಮಕ್ಕಳೇ, ಗೊತ್ತಿದ್ದರೂ ಕೇಳಿ. ರಶ್ಮಿತಾ ಈಗ ಆ ಸಣ್ಣ ರಿಮಾರ್ಕ್ಸ್ ಡಬ್ಬಿಯಲ್ಲಿ ಪೇಷಂಟಿನ ಮಾತನ್ನು ಕನ್ನಡದಲ್ಲೇ ಹೊಡೆಯುತ್ತಾಳೆ. ಕಂಪ್ಯೂಟರ್ ಬೇಡ ಅನ್ನುವುದಿಲ್ಲ, ಯಾರೂ ಅಲ್ಲಿಯವರೆಗೆ ಪ್ರಯತ್ನ ಮಾಡಿರಲಿಲ್ಲ ಅಷ್ಟೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ನೀರಿಗೆ ಇಳಿಯುವ ಸಮಯಕ್ಕೆ ಪುರಂದರ ಮತ್ತು ಹೇಮಾವತಿ ಬಂದರು. ತಲೆಯ ಮೇಲೆ ಕೂದಲು ಸಣ್ಣಗೆ ಬಂದಿತ್ತು, ಗಾಯದ ಗೆರೆ ಕಾಣುತ್ತಿತ್ತು. ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಬೋಟಿಗೆ ಹತ್ತಿಸುವುದಿಲ್ಲ ಅಂತ ಓನರ್ ಹೇಳಿದ್ದನಂತೆ. ಸರ್ಜನ್ ಅವನನ್ನು ನಡೆಸಿದರು, ಒಂದೇ ಕಾಲಿನಲ್ಲಿ ನಿಲ್ಲಿಸಿದರು, ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು. ಪೆನ್ನು ತೆಗೆದರು. ಕ್ಯೂರ್ಡ್ ಅಂತ ಬರೆಯಲಿಲ್ಲ, ರಿಕವರ್ಡ್ ಅಂತಲೂ ಬರೆಯಲಿಲ್ಲ. 'ಫಿಟ್ ಟು ರೆಸ್ಯೂಮ್ ವರ್ಕ್' ಅಂತ ಬರೆದು, ಸೀಲ್ ಹಾಕಿ, ನನ್ನ ಕೈಗೆ ಕೊಟ್ಟರು. ನಾನು ಪುರಂದರನ ಕೈಗೆ ಕೊಟ್ಟೆ. ಅವನು ಅದನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದು ಹೊರಗೆ ಓಡಿದ, ವರಾಂಡದಿಂದಲೇ ಓನರಿಗೆ ಫೋನು ಹಚ್ಚಿದ ಸ್ವರ ಕೇಳಿತು.

ಹೇಮಾವತಿ ಹಿಂದೆಯೇ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು, ಅವನಿಗೆ ಕೇಳದ ಹಾಗೆ ಸ್ವರ ತಗ್ಗಿಸಿದಳು.

"ಅದರಲ್ಲಿ ಸರಿಯಾಗಿ ಎಂತ ಬರೆದಿದ್ದಾರೆ ಅಕ್ಕ?"

"ಕೆಲಸಕ್ಕೆ ಹೋಗಬಹುದು ಅಂತ."

ಅವಳು ವರಾಂಡದ ಕಡೆ ನೋಡಿದಳು. ಅವನು ಜೋರಾಗಿ ನಗುತ್ತಿದ್ದ.

"ಹೋಗಬಹುದು ಅಂತ. ಹೋಗಲೇಬೇಕು ಅಂತ ಬರೆದಿಲ್ಲ, ಅಲ್ವಾ ಅಕ್ಕ?"